ಅಳತೆಯ ಜಂಪರು

ಇವತ್ತು ಬೆಳಿಗ್ಗೆ ಚಿಮ್ಮನಚೋಡದಿಂದ ತಂಗಿ ಶಾಂತಾ ಬಂದಳು. ಚೀಲದಿಂದ ನುಸಿಗುಳಿಗೆ ವಾಸನೆಯ ಹಳೆಯ ಜಂಪರು ತೆಗೆದು, "ಅಕ್ಕಾ, ಇದರ ಅಳತಿಗಿ ನಿಮ್ಮ ಸುಲೇಪೇಟದಾಗ ಒಂದು ಹೊಲಿಸಿಕೊಡು" ಅಂದಳು. ಒಂದು ಜಂಪರಿಗಾಗಿ ತೊಗರಿ ರಾಶಿ ಬಿಟ್ಟು ಬಂದಳೇ? ನನಗೆ ಸಂಶಯ ಬಂತು.

ಸಂಶಯ ನನ್ನ ಹುಟ್ಟುಗುಣ, ಏನು ಮಾಡಲಿ ಹೇಳಿ. ಹಾಲಿನಲ್ಲಿ ನೀರು ಕಾಣುತ್ತದೆ. ಮನೆಯವರು ಸುಮ್ಮನೆ ನಕ್ಕರೂ ಏನೋ ಮುಚ್ಚಿಡುತ್ತಿದ್ದಾರೆ ಅನಿಸುತ್ತದೆ. ಟೇಲರ್ ಶಹಜಾದಿ ಬೀಯನ್ನಂತೂ ನಾನು ಒಂದು ದಿನವೂ ನಂಬಿದವಳಲ್ಲ.

ನಮ್ಮ ಕಡೆ ಹೆಂಗಸರು ಮೈಗೆ ಟೇಪು ಹಿಡಿಸಿಕೊಳ್ಳುವುದಿಲ್ಲ. ಹಳೆಯ ಜಂಪರು ಕೊಟ್ಟರೆ ಮುಗಿಯಿತು. ನಾಲ್ಕು ವರ್ಷದ ಹಿಂದೆ ಹಾಗೆ ಹೊಲಿಸಿದ್ದು ಎಡಗಂಕುಳಲ್ಲಿ ಬಿಗಿಯಾಯಿತು. ಬಟ್ಟೆ ಉಳಿಸಿಕೊಂಡಿದ್ದಾಳೆ ಎಂದು ಜಗಳಕ್ಕೇ ಹೋದೆ.

"ಅಕ್ಕಾ, ಅಳತಿ ಜಂಪರ್ ಹ್ಯಾಂಗದನೋ ಹಂಗೇ ಹೊಲ್ದೀನಿ. ಒಳಗ ಬರ್ರಿ, ಮೈಮ್ಯಾಲೆ ನೋಡ್ತೀನಿ."

ಪರದೆ ಎಳೆದು ಟೇಪು ಹಿಡಿದವಳ ಕೈ ಕಂಕುಳ ಹತ್ತಿರ ನಿಂತುಬಿಟ್ಟಿತು.

"ಇಲ್ಲೊಂದು ಗಂಟು ಅದ. ನೋವದ ಏನ್ರಿ?"

"ಏನೂ ಇಲ್ಲ."

"ನಮ್ಮ ಅಮ್ಮೀನೂ ನೋವಿಲ್ಲಂತ ಸುಮ್ಮನಿದ್ದಳು, ಹೋಗಿಬಿಟ್ಟಳು. ಡಾಕ್ಟರ್ ಚೀಟಿ ತರ್ರಿ. ಅಲ್ಲೀತನಕ ನಾ ಸೂಜಿ ಹಿಡಿಯಲ್ಲ."

ತಪ್ಪು ಮುಚ್ಚಿಕೊಳ್ಳಲು ಎಂಥ ನಾಟಕ ಎಂದುಕೊಂಡೆ. ಅವಳ ಮುಖಕ್ಕೆ ಚೀಟಿ ಹಿಡಿಯಬೇಕೆಂಬ ಹಟದಿಂದಲೇ ಕಲಬುರಗಿಗೆ ಹೋದೆ. ಅಲ್ಲಿ ಎದೆಯ ಫೋಟೋ ತೆಗೆದರು, ಗಂಟಿಗೆ ಸೂಜಿ ಚುಚ್ಚಿ ನೋಡಿದರು. ನಾನು ಡಾಕ್ಟರಮ್ಮನನ್ನೂ ನಂಬದೆ ಇನ್ನೊಂದು ದವಾಖಾನೆಗೆ ಹೋದೆ. ಅಲ್ಲಿಯೂ ಅದೇ ಮಾತು, ಕ್ಯಾನ್ಸರ್. "ನೋವಿಲ್ಲದ ಗಂಟನ್ನೇ ಮೊದಲು ತೋರಿಸಬೇಕಮ್ಮಾ. ನಿಮ್ಮ ಪುಣ್ಯ, ಬೇಗ ಬಂದೀರಿ, ಇನ್ನೂ ಹರಡಿಲ್ಲ" ಅಂದರು.

ಆಪರೇಶನ್ ಆಯಿತು, ಔಷಧ ಆಯಿತು, ಉದುರಿದ ಕೂದಲು ಮತ್ತೆ ಬಂತು. ಬದುಕಿದೆ. ಊರಿಗೆ, ತವರಿಗೆ ಮಾತ್ರ ಗರ್ಭಕೋಶದ ಆಪರೇಶನ್ ಎಂದು ಹೇಳಿಸಿದೆ. ಕೂದಲು ಹೋದದ್ದಕ್ಕೆ ಹರಕೆಯ ಮುಡಿ ಎಂದೆ. ಎದೆಯ ಮಾತು ಯಾರೆದುರು ಆಡುವುದು? ನನ್ನ ಬೆನ್ನ ಹಿಂದೆ ಏನೇನು ಅಂದುಕೊಳ್ಳುತ್ತಾರೋ ಎಂಬ ಸಂಶಯ. ಒಡಹುಟ್ಟಿದವಳಿಗೂ ಹೇಳಲಿಲ್ಲ. ಆದರೆ ಈಗಲೂ ತಿಂಗಳಿಗೊಮ್ಮೆ ಬಚ್ಚಲ ಬಾಗಿಲು ಹಾಕಿಕೊಂಡು ಕೈಯಾಡಿಸಿ ನೋಡಿಕೊಳ್ಳುತ್ತೇನೆ.

ಇವತ್ತು ಯಾಕೋ ತಡೆಯಲಾಗದೆ ಎಲ್ಲವನ್ನೂ ಶಾಂತಾಳಿಗೆ ಹೇಳಿಬಿಟ್ಟೆ. ಅವಳು ಎದ್ದು ಬಾಗಿಲು ಹಾಕಿ ಬಂದು ನನ್ನ ಪಕ್ಕ ಕೂತಳು.

"ಅಕ್ಕಾ, ನನಗೂ ಎದಿಯಾಗ ಒಂದು ಗಂಟು ಕೈಗೆ ಹತ್ತಾಕತ್ತದ. ದೀಪಾವಳಿಯಿಂದ. ಇವತ್ತರ ಹೇಳಬೇಕಂತ ಬಂದೆ, ನಾಲಿಗಿ ಏಳಲಿಲ್ಲ. ನಿನಗ ಹಿಂಗಾಗಿತ್ತಂತ ಗೊತ್ತಿದ್ರ ಅವತ್ತೇ ಬರ್ತಿದ್ದೆ."

ಲೋಕವನ್ನೆಲ್ಲ ಸಂಶಯದಿಂದ ನೋಡಿದವಳು ನಾನು. ನನ್ನ ಮುಚ್ಚಿದ ಬಾಯಿ ತಂಗಿಯ ಇಷ್ಟು ತಿಂಗಳು ತಿಂದೀತೆಂಬ ಸಂಶಯ ಮಾತ್ರ ನನಗೆ ಬರಲೇ ಇಲ್ಲ.

"ಏಳು ಶಾಂತಾ," ಅಂದೆ, "ಕಲಬುರಗಿ ಬಸ್ಸಿಗಿ ಹೊತ್ತಾತು."