ಹೋಟೆಲಿನವರ ಮಗಳ ಉಪವಾಸ

ಹಂಪನಕಟ್ಟೆಯಲ್ಲಿ ಬೆಳಿಗ್ಗೆ ಆರಕ್ಕೇ ಬಾಗಿಲು ತೆರೆಯುವ ಹೋಟೆಲು ನನ್ನ ಗಂಡನದು. ಬನ್ಸ್, ಇಡ್ಲಿ, ಕಡ್ಲೆ-ಅವಲಕ್ಕಿ. ಆಫೀಸಿನವರು, ಬಸ್ಸಿನವರು ಎಲ್ಲ ಹೊಟ್ಟೆ ತುಂಬಿಸಿಕೊಂಡು ಹೋಗುವುದು ಅಲ್ಲಿಂದಲೇ. ಇಂಥವರ ಮಗಳು ಖಾಲಿ ಹೊಟ್ಟೆಯಲ್ಲಿ ಶಾಲೆಗೆ ಹೋಗುತ್ತಿದ್ದಳು ಎಂದರೆ ನೀವು ನಂಬುತ್ತೀರಾ?

ನಾವೂ ನಂಬಿರಲಿಲ್ಲ.

ನಾನು ಕಾಲೇಜಿನಲ್ಲಿ ಪಾಠ ಮಾಡುವವಳು. ಮೊದಲ ಕ್ಲಾಸಿಗೆ ಬೋಳಾರದ ಮನೆಯಿಂದ ಓಡಬೇಕು. ಏಳನೇ ಕ್ಲಾಸಿನ ಮಗಳು ಸುಮನ, "ಅಮ್ಮ, ನಾನು ಹೋಟೆಲಿನಲ್ಲಿ ತಿನ್ತೇನೆ" ಅನ್ನುತ್ತಿದ್ದಳು. ಶಾಲೆಯ ದಾರಿಯಲ್ಲೇ ಹೋಟೆಲು. ಅಲ್ಲಿ ಗಲ್ಲಾದಲ್ಲಿ ಕೂತ ಅಪ್ಪನಿಗೆ, "ಮನೆಯಲ್ಲಿ ನೀರುದೋಸೆ ತಿಂದೆ" ಅಂದು ಕೈಬೀಸಿ ಹೋಗುತ್ತಿದ್ದಳು. ನಾನು ತಿನ್ನಿಸಿದ್ದೇನೆ ಎಂದು ಅವರು, ಅವರು ತಿನ್ನಿಸುತ್ತಾರೆ ಎಂದು ನಾನು. (ಆದಿತ್ಯವಾರ ಒಟ್ಟಿಗೆ ಕೂತರೆ ಹುಡುಗಿ ಚೆನ್ನಾಗಿಯೇ ತಿನ್ನುತ್ತಿದ್ದಳು. ಸಂಶಯ ಎಲ್ಲಿಂದ ಬರಬೇಕು?)

ಸಪೂರ ಆಗುತ್ತಿದ್ದಳು, ನಿಜ. ಬೆಳೆಯುವ ವಯಸ್ಸು, ಉದ್ದ ಆಗುತ್ತಿದ್ದಾಳೆ ಎಂದು ನಾನೇ ಸಮಾಧಾನ ಮಾಡಿಕೊಂಡೆ.

ಕಳೆದ ವಾರ ಒಂದು ಸಂಜೆ ಅವಳ ಕ್ಲಾಸಿನ ಹಿಲ್ಡಾ ಮನೆಗೆ ಬಂದಳು. ದಪ್ಪ ಹುಡುಗಿ, ಒಳ್ಳೆ ಗಟ್ಟಿಮುಟ್ಟು. ಕ್ಲಾಸಿನಲ್ಲಿ ಎಲ್ಲರೂ ಅವಳನ್ನು ಗುಂಡು ಎಂದೇ ಕರೆಯುವುದು. ಸುಮನ ಟ್ಯೂಷನ್ನಿಗೆ ಹೋಗಿದ್ದಳು. ಹಿಲ್ಡಾ ಬಾಗಿಲಲ್ಲೇ ನಿಂತು ಕೇಳಿದಳು, "ಆಂಟಿ, ಸುಮನ ಬೆಳಿಗ್ಗೆ ಎಂತದೂ ತಿನ್ನುವುದಿಲ್ವಾ?"

"ಯಾಕೆ ಮಗಾ?"

"ಸ್ಕೂಲ್ ಡೇಗೆ ಪಿರಮಿಡ್ ಉಂಟಲ್ಲ, ಅದರಲ್ಲಿ ಅವಳು ನಿಲ್ಲುವುದು ನನ್ನ ಹೆಗಲ ಮೇಲೆ. ಬೆಳಿಗ್ಗೆ ಪ್ರಾಕ್ಟೀಸಿನಲ್ಲಿ ಅವಳ ಕಾಲು ನಡುಗ್ತದೆ ಆಂಟಿ. ನಿನ್ನೆ ನಾನು ಗಟ್ಟಿ ಹಿಡಿದುಕೊಳ್ಳದಿದ್ದರೆ ಬೀಳ್ತಿದ್ದಳು."

ಅವಳನ್ನು ಒಳಗೆ ಕರೆದು ಕೂರಿಸಿದೆ.

ಟ್ಯೂಷನ್ನಿನಿಂದ ಬಂದ ಸುಮನ ಗೆಳತಿಯನ್ನು ನೋಡಿದ್ದೇ ಮುಖ ಊದಿಸಿದಳು. ಆಮೇಲೆ ಅಳು. ಅಳುತ್ತಲೇ ವಿಷಯ ಹೊರಗೆ ಬಂತು. ಪಿರಮಿಡ್ಡಿನ ಮೇಲೆ ನಿಂತು ಬಾವುಟ ಹಿಡಿಯುವುದು ಕ್ಲಾಸಿನಲ್ಲಿ ಎಲ್ಲರಿಗಿಂತ ಹಗುರ ಇದ್ದವಳು. ಪಿ.ಟಿ. ಟೀಚರ್ ಆಗಾಗ ತೂಕ ನೋಡುತ್ತಾರೆ. ತಿಂಡಿ ತಿಂದರೆ ತೂಕ ಏರುತ್ತದೆ, ಬಾವುಟ ಬೇರೆಯವಳ ಕೈಗೆ ಹೋಗುತ್ತದೆ. ಇದು ನನ್ನ ಮಗಳ ತರ್ಕ.

ಬೈಯಬೇಕು ಅನಿಸಿತು. ಯಾರನ್ನು ಬೈಯುವುದು? ಮನೆಗೆ ಬಂದವರೆಲ್ಲ ಮಕ್ಕಳನ್ನು ಕಂಡರೆ ಮೊದಲು ಅನ್ನುವುದೇ "ಎಂತ ಇಷ್ಟು ಸಪೂರ?" ಇಲ್ಲದಿದ್ದರೆ "ಎಂತ ಇಷ್ಟು ತೋರ?" ಬೆಳಿಗ್ಗೆ ಎಂತ ತಿಂದೆ ಎಂದು ಕೇಳುವವರು ಎಷ್ಟು ಮಂದಿ? ಹೆತ್ತ ನಾನು ಕೇಳಲಿಲ್ಲ, ಹೋಟೆಲಿಟ್ಟ ಅಪ್ಪ ಕೇಳಲಿಲ್ಲ. ಕೇಳಿದ್ದು ಈ ಹುಡುಗಿ. ಗೆಳತಿ ಸಿಟ್ಟಾಗುತ್ತಾಳೆ ಎಂದು ಗೊತ್ತಿದ್ದೂ ಬಂದು ಕೇಳಿದಳು. ಅವಳಿಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ನನಗೆ ಸಾಕೆನಿಸುವುದಿಲ್ಲ.

ಈಗ ದಿನಾ ಹೋಟೆಲಿನಲ್ಲಿ ಮಗಳ ತಟ್ಟೆ ಖಾಲಿಯಾಗುವವರೆಗೆ ಅಪ್ಪ ಅವಳೆದುರು ಕೂತಿರುತ್ತಾರೆ. (ಗಿರಾಕಿಗಳು ಕಾಯುತ್ತಾರಂತೆ. ಕಾಯಲಿ.)

ಆ ಸಂಜೆ ಮಾತ್ರ ಅವಳ ಅಳು ನಿಲ್ಲುತ್ತಿರಲಿಲ್ಲ. "ತಿಂದು ತಿಂದು ನಾನು ತೋರ ಆದ್ರೆ?" ಅಂದಳು. ಹಿಲ್ಡಾ ನಾನು ಕೊಟ್ಟ ಗೋಳಿಬಜೆಯನ್ನು ಅಗಿದು ಮುಗಿಸಿ, ಕೈ ಒರೆಸಿಕೊಂಡು ಹೇಳಿದಳು:

"ನೀನು ತಿಂದು ಬಾ ಮಾರಾಯ್ತಿ, ಹೊರುವುದು ನಾನಲ್ವಾ?"