ಕಪ್ಪಾಗದ ಗೆರೆ

ಚೆನ್ನೈನ ಗಿಂಡಿಯ ಆ ಸಣ್ಣ ನರ್ಸಿಂಗ್ ಹೋಮಿನಲ್ಲಿ ಚಂದ್ರಮತಿಗೆ ಸಿಕ್ಕ ದೊಡ್ಡ ಭಾಗ್ಯವೆಂದರೆ ಒಂದು ಸ್ಟೂಲು. ಆಪರೇಷನ್ನಿನ ಕತ್ತರಿ, ಚಿಮಟಗಳನ್ನು ತೊಳೆದು, ಬಟ್ಟೆಯಲ್ಲಿ ಕಟ್ಟಿ, ಆಟೋಕ್ಲೇವಿನ ಆವಿಯಲ್ಲಿ ಕ್ರಿಮಿ ಸಾಯುವಂತೆ ಬೇಯಿಸುವುದು ಅವಳ ಕೆಲಸ. ಯಂತ್ರ ಓಡುವ ಮುಕ್ಕಾಲು ಗಂಟೆ ಕೂರಬಹುದು. ಅದಕ್ಕೆ ಮೊದಲು ಆರು ವರ್ಷ ಅಲ್ಲಿನದೇ ಲಾಂಡ್ರಿಯ ಒದ್ದೆ ನೆಲದ ಮೇಲೆ ನಿಂತವಳು. ಐವತ್ತೊಂಬತ್ತರ ಮೊಣಕಾಲುಗಳನ್ನು ಮತ್ತೆ ಅಲ್ಲಿಗೆ ಕಳಿಸದಿದ್ದರೆ ಸಾಕು ಎಂಬುದೇ ಈಚೆಗೆ ಅವಳ ಬೆಳಗಿನ ಪ್ರಾರ್ಥನೆ.

ಉಡುಪಿಯ ಮಿಷನ್ ಕಾಂಪೌಂಡಿನಿಂದ ಮದುವೆಯಾಗಿ ಬಂದ ಹೊಸತರಲ್ಲಿ ಅವಳಿಗೆ ತಿಳಿದಿದ್ದ ತಮಿಳು ನಾಲ್ಕೇ ಮಾತು. ಅದರಲ್ಲಿ ‘ಪಡಿ’ ಒಂದು, ಎಂದರೆ ಮೆಟ್ಟಿಲು; ಬಾಡಿಗೆ ಮನೆಯ ಕಡಿದಾದ ಮೆಟ್ಟಿಲು ಹತ್ತುವಾಗೆಲ್ಲ ಮನೆಯೊಡತಿ ಕೂಗುತ್ತಿದ್ದ ಮಾತು ಅದು. ಮೊದಲ ಭಾನುವಾರ ಚರ್ಚು ತುಂಬಿ, ಅವಳು ಬಾಲ್ಕನಿಯ ಮೆಟ್ಟಿಲ ಮೇಲೆ ಕೂತಿದ್ದಳು. ಪಾದ್ರಿಗಳು “ಕೀಳ್ಪಡಿ” ಎಂದರು. ಕೆಳಗಿನ ಮೆಟ್ಟಿಲು ಎಂದುಕೊಂಡು ಅವಳು ಒಂದು ಮೆಟ್ಟಿಲು ಕೆಳಗೆ ಸರಿದು ಕೂತಳು. ಅವರು ಮತ್ತೆ ಹೇಳಿದರು, ಅವಳು ಮತ್ತೊಂದು ಇಳಿದಳು. ಪ್ರಸಂಗ ಮುಗಿಯುವಾಗ ನೆಲಕ್ಕೆ ಬಂದಿದ್ದಳು.

“ವಿಧೇಯಳಾಗು ಅಂತ ಅರ್ಥ ಮಾರಾಯ್ತಿ, ಇಳಿ ಅಂತ ಅಲ್ಲ!” ಗಂಡ ಸದಾನಂದ ದಾರಿಯುದ್ದ ನಕ್ಕಿದ್ದ.

ಆಮೇಲಿನ ಮೂವತ್ತಾರು ವರ್ಷಗಳಲ್ಲಿ ಎರಡೂ ಒಂದೇ ಎಂದು ಅವಳಿಗೆ ಅನಿಸಿದ ದಿನಗಳೇ ಹೆಚ್ಚು.

ಆ ಬುಧವಾರ ಯಂತ್ರದ ಬಾಗಿಲು ತೆರೆದಾಗ ಕಟ್ಟಿನ ಮೇಲಿನ ಟೇಪನ್ನು ನೋಡಿದಳು. ಆವಿ ಸರಿಯಾಗಿ ತಾಗಿದರೆ ಟೇಪಿನ ಗೆರೆಗಳು ಕಪ್ಪಾಗಬೇಕು. ಅವು ಬೂದಿ ಬಣ್ಣಕ್ಕೇ ನಿಂತಿದ್ದವು.

ಮೇಟ್ರನ್ ವಿಮಲಾ ಧಾವಿಸಿ ಬಂದಳು. ಅದೇ ಚರ್ಚಿನವಳು, ಅದೇ ಊರ ಕಡೆಯವಳು; ಚಂದ್ರಮತಿಯನ್ನು ಲಾಂಡ್ರಿಯಿಂದ ಇಲ್ಲಿಗೆ ತಂದವಳೂ ಅವಳೇ.

“ಎಂತ ಅಕ್ಕ, ಇನ್ನೂ ಆಗ್ಲಿಲ್ವಾ? ಡಾಕ್ಟ್ರು ಕೈ ತೊಳೆದು ನಿಂತಿದ್ದಾರೆ.”

“ಗೆರೆ ಕಪ್ಪಾಗ್ಲಿಲ್ಲ ಸಿಸ್ಟರ್. ಇನ್ನೊಂದು ಸಲ ಹಾಕ್ಬೇಕು.”

“ಕಪ್ಪೇ ಉಂಟಲ್ಲ! ನಿಮ್ಮ ಕಣ್ಣಿಗೆ ಪೊರೆ ಬಂದದ್ದು.”

“ಪೊರೆ ಹೋದ ವರ್ಷವೇ ತೆಗೆಸಿದ್ದು. ನೀವೇ ಕರ್ಕೊಂಡು ಹೋದದ್ದಲ್ವಾ?”

ವಿಮಲಾಗೆ ನಗು ಬಂತು, ಅಲ್ಲಿಗೇ ನಿಂತಿತು. “ನೋಡಿ, ಇನ್ನು ಮುಕ್ಕಾಲು ಗಂಟೆ ಕಾಯಿಸಿದ್ರೆ ಡಾಕ್ಟ್ರು ನಿಮ್ಮನ್ನು ಇಲ್ಲಿ ಇಟ್ಕೊಳ್ಳುದಿಲ್ಲ. ಸರಿ ಉಂಟು ಅಂತ ಸೈನ್ ಮಾಡಿ. ಯಜಮಾನರಿಗೆ ಕೀಳ್ಪಡಿ ಅಂತ ಬೈಬಲ್ಲೇ ಹೇಳುದಿಲ್ವಾ?”

ಚಂದ್ರಮತಿ ಪೆನ್ನು ಹಿಡಿದಳು. ಸೈನೆಂದರೆ ಎರಡೇ ಅಕ್ಷರ. ಕರ್ತನೇ, ಎಂದು ಒಳಗೇ ಶುರುಮಾಡಿದಳು. ಮುಂದೆ ಬಂದದ್ದು ಮೊಣಕಾಲಿನ ಯೋಚನೆ. ಗೋಡೆಯ ಆಪರೇಷನ್ ಪಟ್ಟಿಯಲ್ಲಿ ಒಂದು ಹೆಸರಿತ್ತು: ನಂದಿತಾ, ಮೂವತ್ತೊಂದು, ಗರ್ಭಕೋಶದ ಗಡ್ಡೆ. ಆ ಹುಡುಗಿ ಮುಂಜಾನೆಯಿಂದ ನೀರೂ ಕುಡಿಯದೆ, ಯಾರೆಂದೇ ತಿಳಿಯದ ಒಬ್ಬಳನ್ನು ನಂಬಿ ಮಲಗಿದ್ದಳು.

“ಇದಕ್ಕೆ ಸೈನ್ ಆಗುದಿಲ್ಲ ಸಿಸ್ಟರ್. ಕೋಪ ಮಾಡ್ಬೇಡಿ.”

ಕಟ್ಟು ಬಿಚ್ಚಿ, ಒಣ ಬಟ್ಟೆಯಲ್ಲಿ ಮತ್ತೆ ಕಟ್ಟಿ, ಹೊಸ ಟೇಪು ಅಂಟಿಸಿ ಬಾಗಿಲು ಮುಚ್ಚಿದಳು. ವಿಮಲಾ ಡಾಕ್ಟರಿಗೆ ಸುದ್ದಿ ಹೇಳಲು ಹೋದಳು. ಆ ಹೊತ್ತು ಪೂರ್ತಿ ಚಂದ್ರಮತಿಗೆ ಕೂರಬೇಕೆಂದು ನೆನಪಾಗಲಿಲ್ಲ.

ಈ ಸಲ ಗೆರೆಗಳು ಕಾಡಿಗೆಯಂತೆ ಕಪ್ಪಾದವು. ಮೊದಲು ಸೋತದ್ದು ಯಂತ್ರವೋ ಟೇಪೋ ಯಾರಿಗೂ ಗೊತ್ತಾಗಲಿಲ್ಲ. ಯಾರೂ ಕೇಳಲೂ ಇಲ್ಲ.

ಸಂಜೆ ವಿಮಲಾ ಮುಖ ನೋಡದೆ ಹೇಳಿದಳು: “ನಾಳೆಯಿಂದ ಲಾಂಡ್ರಿ, ಅಕ್ಕ. ಡಾಕ್ಟ್ರ ಮಾತು. ನನ್ನ ಕೈಯಲ್ಲಿ ಎಂತ ಇಲ್ಲ.”

“ಆಯ್ತು ಸಿಸ್ಟರ್.”

ಮನೆಯಲ್ಲಿ ಸದಾನಂದ ಎಲ್ಲ ಕೇಳಿ, “ನೀನು ಮಾಡಿದ್ದು ಸರಿ” ಎಂದ.

“ಸರಿ ಇರಬಹುದು.” ಅವಳು ಗೋಡೆಗೊರಗಿ ಕಾಲು ಚಾಚಿದಳು.

“ನಾಳೆ ಹೇಗೆ ನಿಲ್ತೀ?”

“ಇಷ್ಟು ದಿನ ನಿಲ್ಲಿಸಿದವನೇ ನಾಳೆಯೂ ನಿಲ್ಲಿಸ್ತಾನೆ. ನೀವೀಗ ಸ್ವಲ್ಪ ಎಣ್ಣೆ ಬಿಸಿ ಮಾಡಿ.”