ಭಾನುವಾರದ ಮೊದಲ ರೈಲು

ನನ್ನ ಗಂಡನಿಗೆ ಇಂಗ್ಲೆಂಡಿನ ಒಂದು ಸಣ್ಣ ಊರಿನ ರೈಲು ನಿಲ್ದಾಣದ ಚರಿತ್ರೆ ಪೂರಾ ಬಾಯಿಪಾಠ. ನೋಡಿದ್ದು ಮಾತ್ರ ಕುವೈತಿನ ಹವಲ್ಲಿಯಲ್ಲಿರುವ ನಮ್ಮ ಫ್ಲ್ಯಾಟಿನ ಸೋಫಾದಲ್ಲಿ ಕೂತು, ಮೊಬೈಲಿನಲ್ಲಿ. ಮಗಳು ಆ ಊರಿಗೆ ಓದಲು ಹೋದ ಮೇಲೆ ಹಿಡಿದ ಹುಚ್ಚು ಇದು. ಹಿಂದೆ ಹಾಲಿನ ಕ್ಯಾನುಗಳನ್ನು ಪೇಟೆಗೆ ಸಾಗಿಸಲು ಕಟ್ಟಿದ ಕೆಂಪು ಇಟ್ಟಿಗೆಯ ಕಟ್ಟಡವಂತೆ. ಗೂಡ್ಸ್ ಶೆಡ್ ಇದ್ದಲ್ಲಿ ಈಗ ಕಾರು ನಿಲ್ಲಿಸುತ್ತಾರೆ. ಸ್ಟೇಷನ್ ಮಾಸ್ಟರರ ಕೋಣೆ ಕಾಫಿ ಅಂಗಡಿಯಾಗಿದೆ, ಟಿಕೆಟ್ ಕೊಡುವುದು ಮೆಷೀನು. ಹೂಕುಂಡಗಳಿಗೆ ಊರಿನ ಮುದುಕರೇ ಬಂದು ನೀರು ಹಾಕುತ್ತಾರಂತೆ. ರೈಲೇ ಇಲ್ಲದ ಈ ದೇಶದಲ್ಲಿ ಇದನ್ನೆಲ್ಲ ದಿನಾ ಕೇಳುವ ಕರ್ಮ ನನ್ನದು.

ಮಗಳ ಇಕಾಮಾ, ಅಂದರೆ ಇಲ್ಲಿ ವಾಸಿಸುವ ಪರವಾನಗಿ, ಅವಳು ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ತಾನಾಗಿ ರದ್ದಾಗುತ್ತದೆ. ಪರೀಕ್ಷೆ ಮುಗಿಸಿಯೇ ಬರುತ್ತೇನೆಂದು ಅವಳು ಹಠ ಹಿಡಿದಳು. ಹಾಗಾಗಿ ಗಡುವಿನ ಕೊನೆಯ ದಿನ, ಒಂದು ಭಾನುವಾರ, ವಿಮಾನ. ಇಷ್ಟು ತುದಿಗೆ ಇಟ್ಟುಕೊಳ್ಳಬೇಡಿ ಎಂದೆ. ಇವರು ಕೇಳಬೇಕಲ್ಲ! ಮೊದಲ ರೈಲು ಹಿಡಿದರೆ ಆರಾಮಾಗಿ ಏರ್‌ಪೋರ್ಟ್ ಮುಟ್ಟುತ್ತಾಳೆ, ವೇಳಾಪಟ್ಟಿ ನೋಡಿದ್ದೇನೆ ಎಂದರು. ಪಪ್ಪನೇ ನೋಡಿದ ಮೇಲೆ ಮಗಳು ಮತ್ತೆ ನೋಡಲಿಲ್ಲ. ಇವರು ನೋಡಿದ್ದು ಕೆಲಸದ ದಿನಗಳ ಪಟ್ಟಿ. ನಮಗಿಲ್ಲಿ ರಜೆ ಶುಕ್ರವಾರ, ಶನಿವಾರ. ಪ್ರತಿ ಭಾನುವಾರ ಬಸ್ಸು ಹತ್ತಿ ಮೀನಾ ಅಲ್ ಅಹ್ಮದಿಯ ರಿಫೈನರಿಗೆ ಹೋಗಿ ಹೋಗಿ, ಅದು ಬೇರೆ ಕಡೆ ರಜೆಯ ದಿನ ಎಂಬುದೇ ಇವರಿಗೆ ಮರೆತುಹೋಗಿತ್ತು.

ಆ ಬೆಳಗ್ಗೆ ಮಗಳು ಫೋನ್ ಮಾಡಿದಳು. ಪ್ಲಾಟ್‌ಫಾರ್ಮಿನಲ್ಲಿ ನರಪಿಳ್ಳೆಯೂ ಇಲ್ಲ, ಭಾನುವಾರ ಮೊದಲ ರೈಲು ಬರುವುದೇ ಹೊತ್ತೇರಿದ ಮೇಲಂತೆ ಎಂದಳು. ಇವರು ಗಾಬರಿಯಲ್ಲಿ ಸ್ಟೇಷನ್ ಮಾಸ್ಟರನ್ನು ಕೇಳು ಎಂದರು.

"ಇಲ್ಲಿ ಯಾರೂ ಇಲ್ಲ ಅಂತ ನೀವೇ ಹೇಳಿದ್ದಲ್ವಾ ಪಪ್ಪ?"

ಟ್ಯಾಕ್ಸಿ ಸಿಕ್ಕಿದ್ದು ತಡವಾಗಿ. ವಿಮಾನ ತಪ್ಪಿತು. ಇಕಾಮಾ ಖಲಾಸ್. ಇವರಿಗೆ ಬಾಯ್ತುಂಬ ಬೈಯಬೇಕೆಂದಿದ್ದೆ. ಮುಖ ನೋಡಿ ಚಹಾ ಮಾಡಿಕೊಟ್ಟೆ.

ಮುಂದಿನ ರಜೆಗೆ ಮಗಳು ವಿಸಿಟ್ ವೀಸಾದಲ್ಲಿ ಬಂದಳು. ಏರ್‌ಪೋರ್ಟಿನಿಂದ ಮನೆಗೆ ಬರುವಾಗ ಕಾರಿನಲ್ಲಿ ನಗುತ್ತಲೇ ಹೇಳಿದಳು. ಇಲ್ಲಿಯ ಪಾಸ್‌ಪೋರ್ಟ್ ಕೌಂಟರಿನಲ್ಲಿದ್ದ ಹುಡುಗಿ ವೀಸಾ ನೋಡಿ, ಕುವೈತಿಗೆ ಬರುತ್ತಿರುವುದು ಮೊದಲ ಸಲವೇ ಎಂದು ಬಹಳ ಮರ್ಯಾದೆಯಿಂದ ಕೇಳಿದಳಂತೆ. ನೀನೇನು ಹೇಳಿದೆ ಎಂದೆ.

"ನಾನು ಹುಟ್ಟಿದ್ದೇ ಇಲ್ಲಿ ಅಂದೆ. ಹೌದಾ, ಎಷ್ಟು ದಿನ ಇರ್ತೀರಿ ಅಂತ ಕೇಳಿದ್ಲು."